ಮಹಾನಾಯಕನಿದ್ದಾನೆ, ಖಳನಾಯಕ ಯಾರು?

2020ರ ಮಳೆಗಾಲ. ಕೊರೊನಾ ಹೆದರಿಕೆಯಲ್ಲಿ ಜಾತ್ರೆ, ಪರಿಷೆ, ನಾಟಕ ಎಲ್ಲ ನಿಂತಿದ್ದವು. ಬೆಂಗಳೂರಿನಿಂದ ಗಂಟುಮೂಟೆ ಕಟ್ಟಿಕೊಂಡು ಬಂದ ಹುಡುಗರು ಊರಲ್ಲೇ ಉಳಿದಿದ್ದರು. ಆ ದಿನಗಳಲ್ಲಿ ಕರ್ನಾಟಕದ ಹಳ್ಳಿಗಳ ಬಸ್‌ಸ್ಟ್ಯಾಂಡು, ಕಾಲೋನಿ ತಿರುವು, ಅರಳೀಕಟ್ಟೆಗಳ ಪಕ್ಕದಲ್ಲಿ ಹೊಸ ಬಗೆಯ ಫ್ಲೆಕ್ಸುಗಳು ಎದ್ದು ನಿಂತವು. ಅವು ಸಿನಿಮಾ ನಟರ ಹುಟ್ಟುಹಬ್ಬದ್ದಲ್ಲ, ಪಂಚಾಯ್ತಿ ಚುನಾವಣೆಗೆ ನಿಲ್ಲುವವರದ್ದೂ ಅಲ್ಲ. ಟಿ.ವಿ. ಧಾರಾವಾಹಿಯೊಂದಕ್ಕೆ ಜನ ತಾವೇ ಚಂದಾ ಎತ್ತಿ ಹಾಕಿಸಿದ ಫ್ಲೆಕ್ಸುಗಳು. ಕನ್ನಡದ ಅತ್ತೆ-ಸೊಸೆ ಕಥೆಗಳಿಗೆ ಇಂಥ ಮರ್ಯಾದೆ ಎಂದೂ ಸಿಕ್ಕಿರಲಿಲ್ಲ.

ಧಾರಾವಾಹಿಯ ಹೆಸರು ‘ಮಹಾನಾಯಕ ಡಾ. ಬಿ.ಆರ್. ಅಂಬೇಡ್ಕರ್’. ಹಿಂದಿಯಲ್ಲಿ 2019ರ ಡಿಸೆಂಬರಿನಲ್ಲಿ ಶುರುವಾಗಿದ್ದ ಕಥೆಯನ್ನು ಜೀ ಕನ್ನಡ ವಾಹಿನಿ ಡಬ್ ಮಾಡಿ 2020ರ ಜುಲೈನಿಂದ ವಾರಾಂತ್ಯಗಳಲ್ಲಿ ಬಿತ್ತರಿಸಿತು. ಶೀರ್ಷಿಕೆ ಗೀತೆ ಹಂಸಲೇಖ ಅವರದು. ಕೆಲವು ವಾರಗಳಲ್ಲೇ ವಾಹಿನಿಯ ಮುಖ್ಯಸ್ಥ ರಾಘವೇಂದ್ರ ಹುಣಸೂರು ಅವರಿಗೆ ಪ್ರಸಾರ ನಿಲ್ಲಿಸುವಂತೆ ಬೆದರಿಕೆ ಕರೆಗಳು ಬಂದವು. ನಿಲ್ಲಿಸುವುದಿಲ್ಲ ಎಂದು ಅವರು ಹೇಳಿದ್ದೇ ತಡ, ಫ್ಲೆಕ್ಸುಗಳು ಇನ್ನಷ್ಟು ಹೆಚ್ಚಿದವು. ಬೆದರಿಸಿದವರೇ ಪ್ರಚಾರ ಮಾಡಿಕೊಟ್ಟಂತಾಯಿತು.

ಇದರಲ್ಲಿ ಒಂದು ತಮಾಷೆಯೂ ಇದೆ. ಪರಭಾಷೆಯ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡಕೂಡದು ಎಂಬ ಕಟ್ಟುಪಾಡು 1960ರ ದಶಕದಿಂದ ಇಲ್ಲಿ ಗಟ್ಟಿಯಾಗಿತ್ತು. ಅದು ಕಾನೂನೇನಲ್ಲ, ಉದ್ಯಮ ತಾನಾಗಿ ಹಾಕಿಕೊಂಡ ಬೇಲಿ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ಬೇಲಿ ತಪ್ಪೆಂದಿತು. ಆದರೂ ಕಿರುತೆರೆಯ ಬಾಗಿಲು ಪೂರ್ತಿ ತೆರೆದದ್ದು ಲಾಕ್‌ಡೌನಿನಲ್ಲಿ ಶೂಟಿಂಗ್ ನಿಂತು ವಾಹಿನಿಗಳಿಗೆ ತೋರಿಸಲು ಏನೂ ಇಲ್ಲದಾದಾಗ. ಕನ್ನಡದ ಹೆಸರಿನಲ್ಲಿ ದಶಕಗಳ ಕಾಲ ಮುಚ್ಚಿಟ್ಟಿದ್ದ ಬಾಗಿಲಿನಿಂದಲೇ ಅಂಬೇಡ್ಕರ್ ನಮ್ಮ ನಡುಮನೆಗೆ ಬಂದರು. ಮೂಲ ಕನ್ನಡದ ಕಿರುತೆರೆಗೆ ಅಲ್ಲಿಯವರೆಗೆ ಈ ಕಥೆ ಯಾಕೆ ಹೊಳೆದಿರಲಿಲ್ಲ ಎಂಬ ಪ್ರಶ್ನೆಯನ್ನು ಆ ಗದ್ದಲದಲ್ಲಿ ಯಾರೂ ಜೋರಾಗಿ ಕೇಳಲಿಲ್ಲ.

ತುಮಕೂರು ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಐ.ಡಿ.ಹಳ್ಳಿ ಹೋಬಳಿಯ ಕಡೆಯಿಂದ ನೋಡಿದರೆ ಈ ಕಥೆ ಇನ್ನೊಂದು ಬಗೆಯಲ್ಲಿ ಕಾಣುತ್ತದೆ. ಇಟಕದಿಬ್ಬನಹಳ್ಳಿ ಎಂದು ಹೆಸರನ್ನು ಬಿಡಿಸಿ ಹೇಳುವವರು ಕಡಿಮೆ. ಬಸ್ಸಿನ ಬೋರ್ಡಿಗೂ ಜನರ ಬಾಯಿಗೂ ಐ.ಡಿ.ಹಳ್ಳಿಯೇ. ಆಂಧ್ರದ ಗಡಿ ಪಕ್ಕದಲ್ಲೇ ಇದೆ, ಸಂತೆಯಲ್ಲಿ ಕನ್ನಡವೂ ತೆಲುಗೂ ಒಂದೇ ಉಸಿರಿನಲ್ಲಿ ಬರುತ್ತವೆ. ಕಡ್ಲೇಕಾಯಿ, ರಾಗಿ, ಹುಣಸೆ, ಬತ್ತಿದ ಕೊಳವೆಬಾವಿಗಳ ನಾಡು ಇದು. ಈ ಸೀಮೆಯ ಯಾವ ಊರಿಗೆ ಹೋದರೂ ನಕ್ಷೆ ಬಹುತೇಕ ಒಂದೇ. ದೇವಸ್ಥಾನ, ಕಟ್ಟೆ, ಊರ ಬಾವಿ ಇರುವುದು ಊರೊಳಗೆ. ಹೊಲ ಇಲ್ಲವೇ ಹಳ್ಳ ದಾಟಿದರೆ ದಲಿತರ ಎ.ಕೆ. ಕಾಲೋನಿ. ಇನ್ನೂ ಅಷ್ಟು ದೂರ ನಡೆದರೆ ಕಾಡುಗೊಲ್ಲರು ಇರುವ ಗೊಲ್ಲರಹಟ್ಟಿ. ಎಲ್ಲ ಕಡೆಯ ಸೂರುಗಳ ಮೇಲೂ ಡಿಶ್ಶು ಒಂದೇ ದಿಕ್ಕಿಗೆ ಮುಖ ಮಾಡಿ ಕೂತಿರುತ್ತದೆ. ಊರೊಳಗಿನ ಮನೆಯ ಹೊಸಿಲು ದಾಟಲಾಗದ ಕಾಲೋನಿಯವನ ಬದುಕು ಶನಿವಾರ ಸಂಜೆ ಆ ಡಿಶ್ಶಿನ ಮೂಲಕ ಅದೇ ಮನೆಯ ನಡುಮನೆಗೆ ಇಳಿಯಿತು. ರಿಮೋಟು ಒತ್ತಿ ಚಾನೆಲ್ ಬದಲಿಸಿದವರು ಇರಬಹುದು. ಅಜ್ಜ-ಅಜ್ಜಿ ಬದಲಿಸು ಎಂದರೂ ಮಕ್ಕಳು ಬಿಡದ ಮನೆಗಳೂ ಇದ್ದಿರಲೇಬೇಕು.

ಮಕ್ಕಳು ಬಿಡದಿರುವುದಕ್ಕೆ ಕಾರಣವಿತ್ತು. ಧಾರಾವಾಹಿ ಬಹಳ ಕಾಲ ಬಾಲಕ ಭೀಮನ ಸುತ್ತಲೇ ಸುತ್ತಿತು. ಬಾಲನಟ ಆಯುಧ್ ಭಾನುಶಾಲಿಯ ಮುಖ ಹಳ್ಳಿಮಕ್ಕಳಿಗೆ ತಮ್ಮ ಕ್ಲಾಸಿನ ಹುಡುಗನ ಮುಖದಷ್ಟೇ ಪರಿಚಯವಾಯಿತು. ಸಂವಿಧಾನ ಸಭೆ, ದುಂಡುಮೇಜಿನ ಪರಿಷತ್ತು, 1932ರ ಪುಣೆ ಒಪ್ಪಂದ ಇವೆಲ್ಲ ಪಾಠದ ಪುಸ್ತಕದ ಸರಕು. ಬಾಯಾರಿದ ಹುಡುಗನೊಬ್ಬ ನಲ್ಲಿ ಮುಟ್ಟದೆ ನಿಂತಿರುವುದು ಪಾಠವಿಲ್ಲದೆಯೂ ಅರ್ಥವಾಗುತ್ತದೆ.

ಇಂಥ ದೃಶ್ಯಗಳ ಬೇರು ಇರುವುದು ಅಂಬೇಡ್ಕರ್ ತಾವೇ 1930ರ ದಶಕದ ಮಧ್ಯದಲ್ಲಿ ಬರೆದಿಟ್ಟ ಒಂದು ಪುಟ್ಟ ಆತ್ಮಕಥನದಲ್ಲಿ. ಶಾಲೆಯಲ್ಲಿ ಅವರು ಕೂರುತ್ತಿದ್ದದ್ದು ಬೇರೆ ಮೂಲೆಯಲ್ಲಿ, ಮನೆಯಿಂದ ತಂದ ಗೋಣಿತಟ್ಟಿನ ಮೇಲೆ. ಶಾಲೆ ಗುಡಿಸುವ ಆಳು ಆ ಗೋಣಿಯನ್ನು ಮುಟ್ಟುತ್ತಿರಲಿಲ್ಲವಾದ್ದರಿಂದ ದಿನವೂ ಅದನ್ನು ಮನೆಗೆ ಹೊತ್ತು, ಮರುದಿನ ಮತ್ತೆ ತರಬೇಕಿತ್ತು. ಜವಾನ ಬಂದು ನಲ್ಲಿ ತಿರುಗಿಸಿದರೆ ನೀರು. ಅವನು ರಜೆ ಹಾಕಿದ ದಿನ ನೀರಿಲ್ಲ. ಕ್ಷೌರಿಕ ಕೂದಲು ಮುಟ್ಟುವುದಿಲ್ಲವೆಂದು ಅಕ್ಕನೇ ಮನೆಯಲ್ಲಿ ಕೂದಲು ಕತ್ತರಿಸುತ್ತಿದ್ದಳು.

ಅದರಲ್ಲಿ ಬರುವ 1901ರ ಒಂದು ಪ್ರಯಾಣದ ಕಥೆಯಂತೂ ತಾನಾಗಿಯೇ ನಾಟಕ. ಬೇಸಿಗೆ ರಜೆ. ದೂರದ ಊರಿನಲ್ಲಿ ಕೆಲಸದಲ್ಲಿದ್ದ ಅಪ್ಪ ಬನ್ನಿ ಎಂದು ಬರೆದಿದ್ದಾರೆ. ಒಂಬತ್ತು-ಹತ್ತರ ವಯಸ್ಸಿನ ಭೀಮ, ಅಣ್ಣ, ತೀರಿಕೊಂಡ ಅಕ್ಕನ ಇಬ್ಬರು ಗಂಡುಮಕ್ಕಳು ಹೊಸ ಬಟ್ಟೆ ತೊಟ್ಟು, ಜೀವನದಲ್ಲಿ ಮೊದಲ ಸಲ ರೈಲು ಹತ್ತಿ ಮಸೂರ್ ಎಂಬ ಸ್ಟೇಷನ್ನಿನಲ್ಲಿ ಇಳಿಯುತ್ತಾರೆ. ಕರೆದೊಯ್ಯಲು ಯಾರೂ ಬಂದಿಲ್ಲ. ಮಕ್ಕಳು ಬರುವ ಸುದ್ದಿಯ ಕಾಗದ ಅಪ್ಪನಿಗೆ ತಲುಪೇ ಇಲ್ಲ. ಒಳ್ಳೆಯ ಬಟ್ಟೆ ನೋಡಿ ಸ್ಟೇಷನ್ ಮಾಸ್ತರರು ಅಕ್ಕರೆಯಿಂದ ವಿಚಾರಿಸುತ್ತಾರೆ. ಯಾರ ಮಕ್ಕಳು ಎಂದು ಕೇಳಿದಾಗ ಹುಡುಗರು ಹಿಂದುಮುಂದು ನೋಡದೆ ಮಹಾರರು ಎಂದುಬಿಡುತ್ತಾರೆ. ಮಾಸ್ತರರ ಮುಖ ಆ ಕ್ಷಣವೇ ಬದಲಾಗುತ್ತದೆ. ಬಾಡಿಗೆಗೆ ಬೇಕಾದಷ್ಟು ಎತ್ತಿನಗಾಡಿಗಳಿವೆ, ಒಬ್ಬನೂ ಬರಲೊಲ್ಲ. ಕೊನೆಗೊಬ್ಬ ಎರಡರಷ್ಟು ಬಾಡಿಗೆಗೆ ಒಪ್ಪುತ್ತಾನೆ. ಅವನದೊಂದು ಕರಾರು: ಗಾಡಿ ಹೊಡೆಯುವವರು ಮಕ್ಕಳೇ, ತಾನು ಪಕ್ಕದಲ್ಲಿ ನಡೆದು ಬರುತ್ತೇನೆ. ಬುತ್ತಿ ತುಂಬಾ ಊಟವಿದೆ, ಕುಡಿಯಲು ಹನಿ ನೀರಿಲ್ಲ. ಸುಂಕದ ಕಟ್ಟೆಯವನ ಹತ್ತಿರ ಮುಸಲ್ಮಾನರೆಂದು ಹೇಳಿಕೊಂಡು ಕೇಳಿದರೂ ನೀರು ಹುಟ್ಟುವುದಿಲ್ಲ. ರಾತ್ರಿಯೆಲ್ಲ ಹಸಿದ ಹೊಟ್ಟೆ, ಒಣಗಿದ ಗಂಟಲು.

ಈ ಕಥೆಯಲ್ಲಿ ಕೆಟ್ಟವನು ಯಾರು? ಮಾಸ್ತರರು ಗದರಿಸಲಿಲ್ಲ, ಸ್ವಲ್ಪ ಹೊತ್ತಿನ ಮೇಲೆ ಗಾಡಿ ಮಾತಾಡಿಸಲು ನೆರವಾದವರೂ ಅವರೇ. ಗಾಡಿಯವನು ಹೊಡೆಯಲಿಲ್ಲ, ಬೈಯಲಿಲ್ಲ. ಹಣ ತೆಗೆದುಕೊಂಡು ಹೇಳಿದ ಊರಿನತ್ತ ಜೊತೆಯಲ್ಲೇ ನಡೆದ. ಎಲ್ಲರೂ ತಮ್ಮ ತಮ್ಮ ಪಾಲಿನ ಪದ್ಧತಿ ಪಾಲಿಸಿದರು, ಅಷ್ಟೇ. ಅಂಬೇಡ್ಕರರ ಬರವಣಿಗೆಯ ಶಕ್ತಿ ಇರುವುದು ಈ ತಣ್ಣಗಿನ ನೋಟದಲ್ಲಿ. ಧಾರಾವಾಹಿ ಎಡವಿದ್ದೂ ಇಲ್ಲೇ ಎಂಬುದು ನನ್ನ ಅಭಿಪ್ರಾಯ. ಕಿರುತೆರೆಗೆ ವಾರವಾರವೂ ಖಳ ಬೇಕು. ಹುಬ್ಬು ಗಂಟಿಕ್ಕಿದ, ಕಣ್ಣು ಕೆಕ್ಕರಿಸುವ, ಬಾಲಕನ ವಿರುದ್ಧ ಸಂಚು ಹೂಡುವ ಮನುಷ್ಯ ಬೇಕು. ಅವನು ಬಂದಾಗ ಹಿನ್ನೆಲೆಯಲ್ಲಿ ಗುಡುಗಬೇಕು. ನೋಡುವವನಿಗೆ ಇದರಿಂದ ಒಂದು ಅನುಕೂಲವೂ ಆಗುತ್ತದೆ. ನಾನಂತೂ ಹಾಗೆ ಕಣ್ಣು ಕೆಕ್ಕರಿಸುವವನಲ್ಲ ಎಂದು ನಿರಾಳವಾಗಿ ಸೋಫಾಕ್ಕೆ ಒರಗಬಹುದು.

ಧಾರಾವಾಹಿ ನಮ್ಮಲ್ಲಿಗೆ ಬರುವುದಕ್ಕೆ ಹತ್ತು ತಿಂಗಳು ಮುಂಚೆ, 2019ರ ಸೆಪ್ಟೆಂಬರಿನಲ್ಲಿ, ಪಕ್ಕದ ಪಾವಗಡ ತಾಲ್ಲೂಕಿನಲ್ಲಿ ಖಳನಿಲ್ಲದ ಒಂದು ದೃಶ್ಯ ನಡೆದುಹೋಗಿತ್ತು. ಚಿತ್ರದುರ್ಗದ ಆಗಿನ ಸಂಸದ ಎ. ನಾರಾಯಣಸ್ವಾಮಿ ಅಲ್ಲಿನ ಗೊಲ್ಲರಹಟ್ಟಿಯೊಂದಕ್ಕೆ ಹೋದರು. ಹಟ್ಟಿಯ ಜನರಿಗೆ ಮನೆ, ಆರೋಗ್ಯ ಸೌಲಭ್ಯ ಒದಗಿಸುವ ಮಾತುಕತೆಗೆಂದೇ ಜೊತೆಗೆ ತಂಡ ಕಟ್ಟಿಕೊಂಡು ಹೋಗಿದ್ದರು. ಅವರು ಪರಿಶಿಷ್ಟ ಜಾತಿಯವರು. ಹಟ್ಟಿಯ ಕೆಲವರು ಅಡ್ಡ ನಿಂತರು. ನಿಮ್ಮವರು ಯಾರೂ ಇದುವರೆಗೆ ಒಳಗೆ ಬಂದಿಲ್ಲ, ಇದು ಹಿರಿಯರ ಕಾಲದಿಂದ ಬಂದ ಸಂಪ್ರದಾಯ ಎಂದು ತಡೆದರು. ಕುರ್ಚಿ ತರಿಸಿ ಹೊರಗೇ ಕೂರಿಸಿದರು ಎಂದು ಪತ್ರಿಕೆಗಳು ಬರೆದವು. ಸಂಸದರು ಒತ್ತಾಯ ಮಾಡದೆ ವಾಪಸಾದರು. ಎರಡು ವರ್ಷದೊಳಗೆ ಅದೇ ನಾರಾಯಣಸ್ವಾಮಿ ಕೇಂದ್ರದಲ್ಲಿ ಸಾಮಾಜಿಕ ನ್ಯಾಯ ಇಲಾಖೆಯ ರಾಜ್ಯ ಸಚಿವರಾದರು.

ಆ ಕುರ್ಚಿಯನ್ನು ಯೋಚಿಸಿ ನೋಡಿ. ಅವಮಾನ ಮಾಡುವವನು ಕುರ್ಚಿ ಹಾಕಿಸುತ್ತಾನೆಯೇ? ಹಾಕಿಸಿದರು. ಬಂದವರು ಎಂ.ಪಿ. ಸಾಹೇಬರು, ನಿಲ್ಲಿಸುವುದು ಹೇಗೆ? ಒಳಗೆ ಬಿಡುವುದಂತೂ ಆಗದು. ಮರ್ಯಾದೆಯೂ ಉಳಿಯಬೇಕು, ಮೈಲಿಗೆಯೂ ಆಗಬಾರದು. ಈ ಎರಡರ ನಡುವೆ ಅಂಗಳದಾಚೆ ಒಂದು ಕುರ್ಚಿ ಬಿತ್ತು. ಇದನ್ನು ಬರೆಯಬಲ್ಲ ಧಾರಾವಾಹಿ ಲೇಖಕ ನಮ್ಮಲ್ಲಿ ಹುಟ್ಟಬೇಕು.

ಹಾಗೆಂದು ಹಟ್ಟಿಯವರನ್ನೇ ಖಳರನ್ನಾಗಿ ಮಾಡಿ ಮುಗಿಸುವಂತಿಲ್ಲ. ಕಾಡುಗೊಲ್ಲರ ಹಟ್ಟಿಯೂ ಊರಿನ ಹೊರಗೇ ಇರುವುದು. ರಸ್ತೆ, ಶಾಲೆ, ಆಸ್ಪತ್ರೆ ಅಲ್ಲಿಗೆ ಕೊನೆಗೆ ತಲುಪುತ್ತವೆ. ಅದೇ ಮೈಲಿಗೆಯ ಲೆಕ್ಕ ಅವರ ಹೆಣ್ಣುಮಕ್ಕಳ ಮೇಲೂ ಬೀಳುತ್ತದೆ. ಮುಟ್ಟಾದವರು, ಬಾಣಂತಿಯರು ಹಟ್ಟಿಯಾಚೆಯ ಗುಡಿಸಲಿನಲ್ಲಿ ದಿನ ಕಳೆಯಬೇಕು. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಹೀಗೆ ಮಳೆ-ಚಳಿಯಲ್ಲಿ ಹೊರಗಿದ್ದ ಬಾಣಂತಿಯ ಹಸುಗೂಸು ತೀರಿಕೊಂಡಾಗ ರಾಜ್ಯವೆಲ್ಲ ಬೆಚ್ಚಿತು. ಸಂಸದರನ್ನು ತಡೆದ ಗೆರೆಯೇ ಬಾಣಂತಿಯನ್ನೂ ತಡೆದಿತ್ತು. ಎಳೆದವರು ಯಾರೆಂದು ಕೇಳಿದರೆ ಎರಡೂ ಕಡೆ ಉತ್ತರ ಒಂದೇ, ಹಿರಿಯರು.

ಹಿರಿಯರು ಎಂಬ ಈ ಉತ್ತರ ನಮ್ಮ ಜಿಲ್ಲೆಯದ್ದು ಮಾತ್ರವಲ್ಲ. 2022ರ ಸೆಪ್ಟೆಂಬರಿನಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ದಲಿತ ಹುಡುಗನೊಬ್ಬ ದೇವರ ಗುಜ್ಜುಕೋಲು ಮುಟ್ಟಿದ. ಅವನ ಮನೆಯವರಿಗೆ 60 ಸಾವಿರ ರೂಪಾಯಿ ದಂಡ ಕಟ್ಟಲು ಹೇಳಿದರು. ಆ ಕುಟುಂಬ ಮನೆಯ ಗೋಡೆಯಿಂದ ದೇವರ ಪಟಗಳನ್ನು ಇಳಿಸಿ ಅಂಬೇಡ್ಕರರ ಪಟ ಏರಿಸಿತು. ಅದೇ ವರ್ಷದ ನವೆಂಬರಿನಲ್ಲಿ ಚಾಮರಾಜನಗರದ ಹೆಗ್ಗೊಠಾರದಲ್ಲಿ ಮದುವೆಗೆಂದು ಬಂದಿದ್ದ ದಲಿತ ಮಹಿಳೆಯೊಬ್ಬರು ತೊಂಬೆಯ ನೀರು ಕುಡಿದರೆಂದು ನೀರನ್ನೆಲ್ಲ ಹೊರಗೆ ಬಿಟ್ಟು ತೊಟ್ಟಿಯನ್ನು ಗಂಜಲ ಹಾಕಿ ತೊಳೆದರು. ಬಾಲಕ ಭೀಮ ನಲ್ಲಿಯ ಮುಂದೆ ನಿಂತ ದೃಶ್ಯಕ್ಕೆ ಕಣ್ಣೀರಿಟ್ಟ ರಾಜ್ಯದಲ್ಲೇ ಇದೂ ಆಯಿತು. ಟಿ.ವಿ. ನೋಡಿ ಅಳುವ ಕಣ್ಣಿಗೂ ತೊಟ್ಟಿ ತೊಳೆಯುವ ಕೈಗೂ ನಡುವೆ ಮಾತುಕತೆ ಇರಲೇಬೇಕೆಂದೇನಿಲ್ಲ.

ಸಿನಿಮಾ ಟಾಕೀಸಿನಿಂದಲೇ ಹೊತ್ತಿಕೊಂಡ ಬೆಂಕಿಯೂ ಒಂದಿದೆ. 2014ರ ಆಗಸ್ಟಿನಲ್ಲಿ ಗಂಗಾವತಿಯ ಚಿತ್ರಮಂದಿರದಲ್ಲಿ ಪುನೀತ್ ರಾಜ್‌ಕುಮಾರ್ ಅವರ ‘ಪವರ್’ ಚಿತ್ರದ ಟಿಕೆಟ್ಟಿಗಾಗಿ ಶುರುವಾದ ಜಗಳ ಮರಕುಂಬಿ ಗ್ರಾಮದ ದಲಿತರ ಗುಡಿಸಲುಗಳಿಗೆ ಬೆಂಕಿ ಇಡುವವರೆಗೆ ಹೋಯಿತು. ಅದಕ್ಕೂ ಮುಂಚೆ ಕ್ಷೌರದಂಗಡಿ, ಹೋಟೆಲುಗಳಲ್ಲಿ ದಲಿತರಿಗೆ ಪ್ರವೇಶವಿಲ್ಲ ಎಂಬ ತಕರಾರು ಆ ಊರಲ್ಲಿ ಕುದಿಯುತ್ತಲೇ ಇತ್ತು. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮುಂದೆ ಅವರಲ್ಲಿ ಬಹುಪಾಲು ಮಂದಿಗೆ ಹೈಕೋರ್ಟಿನಲ್ಲಿ ಜಾಮೀನು ಸಿಕ್ಕಿತು. 98 ಜನ ಎಂದರೆ ಅದು ಖಳನ ಲೆಕ್ಕವಲ್ಲ, ಊರಿನ ಲೆಕ್ಕ.

ಅಮೆರಿಕದ ಕಪ್ಪುಜನರ ಹೋರಾಟದ ಚಿತ್ರಗಳನ್ನು ನೋಡಿದವರಿಗೆ ಅಲ್ಲಿನ ಒಂದು ವಸ್ತು ನೆನಪಿರುತ್ತದೆ: ಬೋರ್ಡು. ಬಿಳಿಯರಿಗೆ ಮಾತ್ರ ಎಂದು ಬರೆದ ಬಾಗಿಲು, ನಲ್ಲಿ, ಬಸ್ಸಿನ ಸೀಟು. 1955ರ ಡಿಸೆಂಬರಿನಲ್ಲಿ ಮಾಂಟ್ಗೊಮರಿಯಲ್ಲಿ ರೋಸಾ ಪಾರ್ಕ್ಸ್ ಸೀಟು ಬಿಟ್ಟೇಳದೆ ಕೂತದ್ದು ನಗರದ ಬರೆದ ಕಾನೂನಿನ ಎದುರು. ಕಾನೂನಿದ್ದರೆ ಅದನ್ನು ಮುರಿಯಬಹುದು, ಬೋರ್ಡಿದ್ದರೆ ಕೀಳಬಹುದು, ಕ್ಯಾಮೆರಾಕ್ಕೂ ಅನುಕೂಲ. ನಮ್ಮಲ್ಲಿ ಕಾನೂನು ಮೊದಲಿನಿಂದ ಇನ್ನೊಂದು ಕಡೆಯೇ ನಿಂತಿದೆ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. 1955ರಲ್ಲಿ ಅದಕ್ಕೊಂದು ಕಾಯ್ದೆ ಬಂತು, 1976ರಲ್ಲಿ ಅದೇ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆಯಾಯಿತು, 1989ರಲ್ಲಿ ದೌರ್ಜನ್ಯ ತಡೆ ಕಾಯ್ದೆ ಸೇರಿತು. ಬೋರ್ಡು ಎಲ್ಲೂ ಇಲ್ಲ. ಆದರೂ ಯಾವ ಬಾಗಿಲಲ್ಲಿ ಚಪ್ಪಲಿ ಬಿಡಬೇಕು, ಯಾವ ಬಾಗಿಲಿನಿಂದ ಎಷ್ಟು ದೂರ ನಿಂತು ಅಣ್ಣಾ ಎಂದು ಕೂಗಬೇಕು ಎಂಬುದು ಐದು ವರ್ಷದ ಮಗುವಿಗೂ ಗೊತ್ತಿರುತ್ತದೆ. ಈ ವ್ಯತ್ಯಾಸ ಅಂಬೇಡ್ಕರರಿಗೆ ಚೆನ್ನಾಗಿ ಗೊತ್ತಿತ್ತು. 1913ರಿಂದ 1916ರವರೆಗೆ ನ್ಯೂಯಾರ್ಕಿನ ಕೊಲಂಬಿಯಾದಲ್ಲಿ ಓದಿದವರು ಅವರು. 1946ರಲ್ಲಿ ಕಪ್ಪುಜನರ ಹಿರಿಯ ಚಿಂತಕ ಡಬ್ಲ್ಯು.ಇ.ಬಿ. ಡುಬಾಯ್ಸ್ ಅವರಿಗೆ ಕಾಗದ ಬರೆದು, ವಿಶ್ವಸಂಸ್ಥೆಗೆ ಅವರ ಜನ ಸಲ್ಲಿಸಿದ ಮನವಿಯ ಪ್ರತಿ ಕೇಳಿದ್ದರು. ಎರಡು ಜನಗಳ ಪಾಡಿನ ಹೋಲಿಕೆಯನ್ನು ಗುರುತಿಸಿದರು. ತಮ್ಮ ದಾರಿಯನ್ನು ಮಾತ್ರ ಇಲ್ಲಿನ ನೆಲದ ಮೇಲೇ ಹುಡುಕಿದರು. 1927ರ ಮಾರ್ಚ್ 20ರಂದು ಮಹಾಡದ ಚೌದಾರ್ ಕೆರೆಗೆ ಇಳಿದಾಗ ಅವರು ಮುರಿದದ್ದು ಕಾನೂನನ್ನಲ್ಲ. ಕೆರೆ ಎಲ್ಲರದೆಂದು ಪುರಸಭೆ ಆಗಲೇ ಠರಾವು ಮಾಡಿತ್ತು. ಕಾಗದದ ಮೇಲೆ ತೆರೆದಿದ್ದ ಕೆರೆಯ ನೀರನ್ನು ಅವರು ಬೊಗಸೆಯಲ್ಲಿ ಎತ್ತಿ ಕುಡಿದರು, ಅಷ್ಟಕ್ಕೇ ಊರು ದೊಣ್ಣೆ ಹಿಡಿದು ಎದ್ದಿತು.

ಬದಲಾವಣೆ ಆಗಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಅದು ಬಂದ ದಾರಿಗಳು ವಿಚಿತ್ರ. ಹೋಟೆಲುಗಳಲ್ಲಿ ಕಾಲೋನಿಯವರಿಗೆಂದು ಸಂದಿಯಲ್ಲಿ ಸಿಗಿಸಿಡುತ್ತಿದ್ದ ಲೋಟ ಬಹಳ ಕಡೆ ಮಾಯವಾಗಿದೆ. ಚಳವಳಿಯ ಒತ್ತಡದ ಜೊತೆಗೆ ಪೇಪರ್ ಕಪ್ಪಿಗೂ ಇದರಲ್ಲಿ ಪಾಲಿದೆ. ಕುಡಿದು ಬಿಸಾಕುವ ಕಪ್ಪಿನಲ್ಲಿ ಯಾರ ಎಂಜಲನ್ನು ಯಾರೂ ತೊಳೆಯಬೇಕಿಲ್ಲ. ಪದ್ಧತಿ ಹೋಯಿತು, ಮನಸ್ಸು ಬದಲಾಯಿಸುವ ತೊಂದರೆ ತಪ್ಪಿತು. ಫ್ಲೋರೈಡಿನಿಂದ ಹಲ್ಲು-ಮೂಳೆ ಹಾಳಾದ ಪಾವಗಡ, ಮಧುಗಿರಿ ಸೀಮೆಯಲ್ಲಿ ಶುದ್ಧ ನೀರಿನ ಘಟಕಗಳು ಬಂದಮೇಲೆ ಕಾಯಿನ್ ಹಾಕಿದವರ ಕ್ಯಾನು ತುಂಬುತ್ತದೆ. ಯಂತ್ರ ಯಾರ ಮಗ ಎಂದು ಕೇಳುವುದಿಲ್ಲ. ಬಾವಿಕಟ್ಟೆಯಲ್ಲಿ ತಲೆಮಾರುಗಳ ಕಾಲ ಬಗೆಹರಿಯದ ಜಗಳ ಅಲ್ಲಿ ಏಳುವುದಿಲ್ಲ. ಮನೆ ಕಟ್ಟುವ ಜಾಗದ ವಿಷಯದಲ್ಲಿ ಮಾತ್ರ ಯಾವ ಯಂತ್ರವೂ ಬಂದಿಲ್ಲ. ಸ್ವಾತಂತ್ರ್ಯ ಬಂದಮೇಲೆ ಸರ್ಕಾರವೇ ನಿವೇಶನ ಹಂಚಿದಾಗಲೂ ಕಾಲೋನಿಗಳು ಬಹುಮಟ್ಟಿಗೆ ಹಳೆಯ ಕೇರಿಯ ಪಕ್ಕದಲ್ಲೇ ಬೆಳೆದವು. ಹಳೆಯ ನಕ್ಷೆಗೆ ಹೊಸದಾಗಿ ಸಿಮೆಂಟು ಬಿತ್ತು.

ಅಂಬೇಡ್ಕರರ ಕಥೆ ಹೊರಗಿನಿಂದ ಡಬ್ ಆಗಿ ಬರುವವರೆಗೆ ಕಾದ ಕನ್ನಡಕ್ಕೆ ತನ್ನದೇ ಆದ ಕಥೆಗಳು ಇಲ್ಲದಿಲ್ಲ. ಹರಿಹರದಲ್ಲಿ 1938ರಲ್ಲಿ ಹುಟ್ಟಿ, ಭದ್ರಾವತಿಯಲ್ಲಿ ಕನ್ನಡ ಪಾಠ ಹೇಳುತ್ತಲೇ ದಲಿತ ಸಂಘರ್ಷ ಸಮಿತಿ ಕಟ್ಟಿದ ಪ್ರೊ. ಬಿ. ಕೃಷ್ಣಪ್ಪನವರ ಬದುಕು ಇದೆ. 1986ರಲ್ಲಿ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಬೆತ್ತಲೆಸೇವೆ ಬೇಡವೆಂದು ಹೇಳಲು ಹೋದ ಕಾರ್ಯಕರ್ತರ ಮೇಲೆ ಭಕ್ತರ ಗುಂಪು ತಿರುಗಿಬಿದ್ದು, ಬಂದೋಬಸ್ತಿನ ಪೊಲೀಸರ ಬಟ್ಟೆಯನ್ನೂ ಬಿಚ್ಚಿಸಿದ ಘಟನೆ ಯಾವ ಕಥೆಗಾರನೂ ಕಲ್ಪಿಸಿಕೊಳ್ಳಲಾರದ್ದು. ತಲೆಮೇಲೆ ಮಲ ಹೊರುವುದನ್ನು ನಿಲ್ಲಿಸಲು ಹೊರಟ, 1973ರಲ್ಲಿ ‘ಬೂಸಾ’ ಎಂಬ ಒಂದೇ ಮಾತಿಗೆ ಮಂತ್ರಿಗಿರಿ ಕಳೆದುಕೊಂಡ ಬಿ. ಬಸವಲಿಂಗಪ್ಪ ಇದ್ದಾರೆ. ಕೋಲಾರ ಚಿನ್ನದ ಗಣಿಯ ಮಲ ಹೊರುವವರ ಮನೆಯಲ್ಲಿ ಹುಟ್ಟಿ, ಆ ಕೆಲಸವನ್ನೇ ನಿಲ್ಲಿಸಲು ದೇಶವೆಲ್ಲ ಸುತ್ತಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಬೆಜವಾಡ ವಿಲ್ಸನ್ ಇದ್ದಾರೆ. ಮಂಗಳೂರಿನಲ್ಲಿ 1892ರಲ್ಲೇ ದಲಿತ ಮಕ್ಕಳಿಗೆ ಶಾಲೆ ತೆರೆದು ಸ್ವಂತ ಜಾತಿಯಿಂದ ಬಹಿಷ್ಕಾರ ಉಂಡ ಕುದ್ಮುಲ್ ರಂಗರಾವ್ ಇದ್ದಾರೆ. ಇವರಲ್ಲಿ ಒಬ್ಬರ ಬದುಕೂ ಕಿರುತೆರೆಯ ವಾರಾಂತ್ಯಕ್ಕೆ ಚಿಕ್ಕದಲ್ಲ.

ಟಿ.ವಿ.ಯವರು ಮಾಡದಿದ್ದರೆ ಬೇಡ, ನಮ್ಮ ಕಡೆ ರಂಗವೇ ಇದೆ. ಮಧುಗಿರಿ, ಕೊರಟಗೆರೆ, ಶಿರಾ ಸೀಮೆಯಲ್ಲಿ ಬೇಸಿಗೆ ಬಂತೆಂದರೆ ಬೆಳಗಿನವರೆಗೆ ‘ಕುರುಕ್ಷೇತ್ರ’. ಬಾಡಿಗೆ ಸೀನರಿ, ಹಾರ್ಮೋನಿಯಂ ಮುಂದೆ ಡ್ರಾಮಾ ಮೇಷ್ಟ್ರು, ಕೈಯಿಂದ ದುಡ್ಡು ಹಾಕಿ ಪಾತ್ರ ಹಿಡಿಯುವ ರೈತರು, ಮೇಷ್ಟರು, ಬಸ್ ಕಂಡಕ್ಟರುಗಳು. ಕಾಲೋನಿಯ ಹುಡುಗರೂ ತಂಡ ಕಟ್ಟುತ್ತಾರೆ. ಆ ರಾತ್ರಿಯ ಮಟ್ಟಿಗೆ ಅವರಲ್ಲೊಬ್ಬ ಧರ್ಮರಾಯನಾಗುತ್ತಾನೆ, ಇನ್ನೊಬ್ಬ ಕೃಷ್ಣನಾಗಿ ಆರತಿ ಮಾಡಿಸಿಕೊಳ್ಳುತ್ತಾನೆ. ಕರ್ಣನ ಕುಲ ಎತ್ತಿ ಹಂಗಿಸುವ ಮಾತು ಬಂದಾಗ ಊರೊಳಗಿನವರೂ ಕಣ್ಣೊರೆಸಿಕೊಳ್ಳುತ್ತಾರೆ. ಈ ರಂಗದ ಮೇಲೆ ಅಂಬೇಡ್ಕರರ ನಾಟಕ ಆಡಿದರೆ ನಾಯಕನ ಪಾತ್ರಕ್ಕೆ ನಾ ಮುಂದು ತಾ ಮುಂದು ಎಂದು ಬರುವವರಿಗೆ ಬರವಿಲ್ಲ. ಕಷ್ಟ ಇನ್ನೊಂದು ಕಡೆ ಇದೆ. ‘ಕುರುಕ್ಷೇತ್ರ’ದಲ್ಲಿ ದುರ್ಯೋಧನನ ಪಾತ್ರಕ್ಕೆ ರೇಟು ಜಾಸ್ತಿ, ಗದೆ, ಕಿರೀಟ, ಕಂದಪದ್ಯ ಎಲ್ಲ ಅವನಿಗಿವೆ, ಖಳನಾಗುವುದರಲ್ಲೂ ಒಂದು ಗತ್ತಿದೆ. ಯಾರ ಮೇಲೂ ಕೈ ಎತ್ತದೆ, ಗಂಟಲು ಏರಿಸದೆ, ನಮ್ಮದೇನಿಲ್ಲ ಸ್ವಾಮಿ, ಹಿರಿಯರು ಮಾಡಿದ್ದು ಎಂದು ಕೈಮುಗಿದು ಅಂಗಳದಾಚೆ ಕುರ್ಚಿ ತಂದಿಡುವವನ ಪಾತ್ರಕ್ಕೆ ದುಡ್ಡು ಹಾಕಿ ಬಣ್ಣ ಹಚ್ಚಿಸಿಕೊಳ್ಳುವವರು ಯಾರು? ಡ್ರಾಮಾ ಮೇಷ್ಟ್ರು ಮೊದಲು ಆ ಪಾತ್ರಧಾರಿಯನ್ನು ಹುಡುಕಿಕೊಳ್ಳಬೇಕು.